16 ಪುಸ್ತಕ ಓದು ಅಂತ ಹೇಳುವುದು ಹೇಗೆ?

"ಒಂದು ಒಳ್ಳೆ ಫ್ಯಾಂಟಸಿ ಸರಣಿ ಹೇಳು" ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಬಾಯಿ ಬಿಡುವುದಿಲ್ಲ. ಉತ್ತರ ಗೊತ್ತಿಲ್ಲ ಅಂತಲ್ಲ, ಅದು ನಾಲಿಗೆ ತುದಿಯಲ್ಲೇ ಇರುತ್ತದೆ. ರಾಬಿನ್ ಹಾಬ್ ಬರೆದ 'ರೆಲ್ಮ್ ಆಫ್ ದಿ ಎಲ್ಡರ್ಲಿಂಗ್ಸ್'. ಆದರೆ ಹೇಳಿದ ಮೇಲೆ ಬರುವ ಪ್ರಶ್ನೆಯೂ ಗೊತ್ತು. "ಎಷ್ಟು ಪುಸ್ತಕ?" 16 ಅಂದ ಕೂಡಲೇ ಎದುರಿನವರ ಮುಖ ಒಂದು ಥರಾ ಆಗುತ್ತದೆ. ಸಿನಿಮಾ ಹೆಸರು ಕೇಳಿದವರಿಗೆ ಎರಡು ಗಂಟೆ ಕೊಡು ಅಂತೀವಿ. ಇಲ್ಲಿ ಕೇಳುತ್ತಿರುವುದು ತಿಂಗಳುಗಳನ್ನು. ಕೆಲಸ, ಮನೆ, ನಿದ್ದೆ ಎಲ್ಲ ಕಳೆದು ಉಳಿಯುವ ಅರ್ಧ ಗಂಟೆಯಲ್ಲಿ ಓದುವವರಿಗಾದರೆ ಒಂದೆರಡು ವರ್ಷವೇ ಹಿಡಿಯಬಹುದು. ಅಷ್ಟನ್ನು ಕೇಳುವವರು ಕಾರಣವನ್ನೂ ಸರಿಯಾಗಿ ಹೇಳಬೇಕು ಅಲ್ವಾ?

ನಾವು ಫ್ಯಾಂಟಸಿ ಓದುಗರು ಕಾರಣ ಹೇಳುವುದರಲ್ಲಿ ಬಹಳ ಹಿಂದೆ. "ಮ್ಯಾಜಿಕ್ ಸಿಸ್ಟಮ್ ಸೂಪರ್" ಅಂತೀವಿ. "ಮ್ಯಾಪ್ ನೋಡು, ಎಷ್ಟು ದೊಡ್ಡ ಲೋಕ ಕಟ್ಟಿದ್ದಾರೆ" ಅಂತೀವಿ. ಇದರಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ಎಲ್ಲ ಸರಣಿಯಲ್ಲೂ ಮ್ಯಾಪ್ ಇದೆ, ಎಲ್ಲದರಲ್ಲೂ ಏನೋ ಒಂದು ಮ್ಯಾಜಿಕ್ ಇದೆ. ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು: "ಮೊದಲ ಎರಡು ಭಾಗ ಹೇಗಾದರೂ ಮಾಡಿ ಮುಗಿಸು, ಮೂರನೇದರಿಂದ ಅಸಲಿ ಕಥೆ ಶುರು." ಸಾವಿರದೈನೂರು ಪುಟ ಹಲ್ಲು ಕಚ್ಚಿಕೊಂಡು ಓದಿ ಅಂತ ಯಾರಿಗಾದರೂ ಹೇಳುವುದಕ್ಕೆ ನಮಗೆ ಯಾವ ಅಧಿಕಾರ ಇದೆ? ಮೊದಲ ಪುಸ್ತಕ ಅದರಷ್ಟಕ್ಕೇ ಇಷ್ಟವಾಗಬೇಕು. ಇಲ್ಲದಿದ್ದರೆ ಆ ಸರಣಿಯನ್ನು ಶಿಫಾರಸು ಮಾಡಲೇಬಾರದು.

ಹಾಗಾಗಿ ಈ ಸರಣಿಯನ್ನು ಯಾಕೆ ಓದಬೇಕು ಅನ್ನುವುದಕ್ಕೆ ನನ್ನ ಬಳಿ ಇರುವ ಕಾರಣ ಒಂದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಉದ್ದಕ್ಕೆ ಒಂದು ಕಾರಣ ಬೇಕು

ದೊಡ್ಡ ಫ್ಯಾಂಟಸಿಗಳಲ್ಲಿ ಪುಟ ಜಾಸ್ತಿ, ಕಾಲ ಕಡಿಮೆ. ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ತಗೊಳ್ಳಿ. ಫ್ರೋಡೋ ಮನೆ ಬಿಟ್ಟು ಹೊರಟು ಉಂಗುರ ನಾಶವಾಗುವ ಹೊತ್ತಿಗೆ ಹೆಚ್ಚುಕಡಿಮೆ ಆರು ತಿಂಗಳು. ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ 'ದಿ ವೀಲ್ ಆಫ್ ಟೈಮ್' 14 ಸಂಪುಟ ಓಡುತ್ತದೆ. ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿದರು, ಅದೂ 2013ಕ್ಕೆ. ಬರೆಯುವುದಕ್ಕೆ ಎರಡು ದಶಕ ದಾಟಿತು, ಆದರೆ ಕಥೆಯ ಒಳಗೆ ಕಳೆಯುವುದು ಎರಡು ಮೂರು ವರ್ಷ ಅಷ್ಟೇ. ನಾಯಕ ಇಪ್ಪತ್ತರ ಹುಡುಗನಾಗಿಯೇ ಲೋಕ ಉಳಿಸುವ ಯುದ್ಧಕ್ಕೆ ನಿಲ್ಲುತ್ತಾನೆ. ಇದು ದೂರಲ್ಲ, ಆ ಕಥೆಗಳಿಗೆ ಅದೇ ಸರಿ. ಅಲ್ಲಿ ಪುಟಗಳು ಬೇಕಿರುವುದು ದೂರವನ್ನು, ಜನರನ್ನು, ಸೈನ್ಯಗಳನ್ನು ತುಂಬಿಸುವುದಕ್ಕೆ.

ಹಾಬ್ ಪುಟಗಳನ್ನು ಖರ್ಚು ಮಾಡುವುದು ಬೇರೆಯದಕ್ಕೆ. 1995ರಲ್ಲಿ ಬಂದ ಮೊದಲ ಪುಸ್ತಕ 'ಅಸ್ಯಾಸಿನ್ಸ್ ಅಪ್ರೆಂಟಿಸ್'ನ ಶುರುವಿನ ಪುಟಗಳಲ್ಲಿ ಕಥಾನಾಯಕ ಫಿಟ್ಸ್‌ಗೆ ಆರು ವರ್ಷ. 2017ರಲ್ಲಿ ಬಂದ ಕೊನೆಯ ಪುಸ್ತಕ 'ಅಸ್ಯಾಸಿನ್ಸ್ ಫೇಟ್' ಹೊತ್ತಿಗೆ ಅವನು ಅರವತ್ತರ ಹತ್ತಿರ ಬಂದಿರುತ್ತಾನೆ. ನಡುವೆ ಹುಡುಗನಾಗುತ್ತಾನೆ, ಕೊಲೆಗಾರನಾಗುತ್ತಾನೆ, ಪ್ರೀತಿಸುತ್ತಾನೆ, ಎಲ್ಲ ಕೆಡಿಸಿಕೊಳ್ಳುತ್ತಾನೆ, ಊರು ಬಿಡುತ್ತಾನೆ, ಒಂದು ಗುಡಿಸಲಿನಲ್ಲಿ ಕೋಳಿ ಸಾಕಿಕೊಂಡು ವರ್ಷಗಟ್ಟಲೆ ಸುಮ್ನೆ ಇರುತ್ತಾನೆ. ಆಮೇಲೆ ಮತ್ತೆ ಕರೆ ಬರುತ್ತದೆ. ಒಬ್ಬ ಮನುಷ್ಯನಿಗೆ ವಯಸ್ಸಾಗುವುದನ್ನು ಫ್ಯಾಂಟಸಿಯಲ್ಲಿ ಇಷ್ಟು ತಾಳ್ಮೆಯಿಂದ ಬರೆದದ್ದನ್ನು ನಾನು ಬೇರೆ ಕಡೆ ಓದಿಲ್ಲ. 16 ಪುಸ್ತಕ ಯಾಕೆ ಅಂದರೆ ಅದಕ್ಕೇ. ಚಿಕ್ಕದು ಮಾಡಿದರೆ ಕಥೆಯಲ್ಲಿ ಏನೇನಾಯಿತು ಅನ್ನುವುದು ಉಳಿಯಬಹುದು, ವಯಸ್ಸು ಉಳಿಯುವುದಿಲ್ಲ.

ಇನ್ನೊಂದು ಸಮಾಧಾನ: ಇದು ಮುಗಿದಿದೆ. 1996ರಲ್ಲಿ ಶುರುವಾದ ಜಾರ್ಜ್ ಆರ್. ಆರ್. ಮಾರ್ಟಿನ್‌ರ ಸರಣಿಯ ಐದನೇ ಭಾಗ ಬಂದದ್ದು 2011ರಲ್ಲಿ, ಆರನೆಯದಕ್ಕೆ ಕಾದು ಕೂತವರ ಕಷ್ಟ ಎಲ್ಲರಿಗೂ ಗೊತ್ತು. ಇಲ್ಲಿ ಆ ತಲೆನೋವಿಲ್ಲ.

ಬಾಗಿಲಲ್ಲಿ ಬಿಟ್ಟುಹೋದ ಹುಡುಗ

"ಕಥೆ ಏನು, ಚಿಕ್ಕದಾಗಿ ಹೇಳು" ಅಂದವರಿಗೆ ನಾನು ಹೇಳುವುದು ಮೊದಲ ಅಧ್ಯಾಯದ ಒಂದೇ ದೃಶ್ಯವನ್ನು. ವಿಪರೀತ ಚಳಿ. ಒಬ್ಬ ಮುದುಕ ಆರು ವರ್ಷದ ಮೊಮ್ಮಗನ ಕೈ ಹಿಡಿದು ಎಳೆದುಕೊಂಡು ಬಂದು ಸೈನಿಕರ ಠಾಣೆಯ ಬಾಗಿಲು ಬಡಿಯುತ್ತಾನೆ. ಇದು ನಿಮ್ಮ ರಾಜಕುಮಾರನ ಮಗು, ಇಷ್ಟು ದಿನ ನಾನು ಸಾಕಿದೆ, ಇನ್ನು ನೀವು ಸಾಕಿಕೊಳ್ಳಿ ಅನ್ನುವ ಅರ್ಥದ ನಾಲ್ಕು ಮಾತು ಆಡಿ ಹೊರಟೇಬಿಡುತ್ತಾನೆ. ಹುಡುಗನಿಗೆ ಹೆಸರೂ ಇಲ್ಲ. ಅವನ ಅಪ್ಪ ಶಿವಲ್ರಿ, ಪಟ್ಟಕ್ಕೆ ಬರಬೇಕಾದವನು, ಮದುವೆಯಿಂದಾಚೆ ಹುಟ್ಟಿದ ಈ ಮಗು ಇದೆ ಅನ್ನುವ ಸುದ್ದಿ ಹೊರಬಿದ್ದ ಕೂಡಲೇ ಪಟ್ಟದ ಹಕ್ಕು ಬಿಟ್ಟು ಹೆಂಡತಿಯನ್ನು ಕರೆದುಕೊಂಡು ದೂರ ಹೋಗಿಬಿಡುತ್ತಾನೆ. ಮಗನ ಮುಖ ನೋಡುವುದೇ ಇಲ್ಲ. ಹುಡುಗನನ್ನು ಲಾಯ ನೋಡಿಕೊಳ್ಳುವ ಬರಿಚ್‌ನ ಕೈಗೆ ಹಾಕುತ್ತಾರೆ. ಅವನಿಗೆ ಕುದುರೆ ಗೊತ್ತು, ನಾಯಿ ಗೊತ್ತು, ಮಕ್ಕಳು ಗೊತ್ತಿಲ್ಲ. ಹಾಗಾಗಿ ಮಗುವನ್ನು ನಾಯಿಗಳ ಜೊತೆ ಮಲಗಿಸುತ್ತಾನೆ. ಹುಡುಗನಿಗೆ ಅಲ್ಲಿ ಬೆಚ್ಚಗಾಗುತ್ತದೆ.

ರಾಜವಂಶದಲ್ಲಿ ಹುಟ್ಟಿ ಲಾಯದಲ್ಲಿ ಬೆಳೆದವನು ಅಂದಾಗ ನಮಗೆ ಕರ್ಣ ನೆನಪಾಗದೇ ಇರುವುದಿಲ್ಲ. ಆದರೆ ಫಿಟ್ಸ್‌ಗೆ ಕರ್ಣನ ಛಲ ಇಲ್ಲ. ತನ್ನ ಹಕ್ಕು ಯಾರೂ ಕೊಡಲಿಲ್ಲ ಅಂತ ಅವನು ಎದೆ ಸೆಟೆಸಿ ನಿಲ್ಲುವುದಿಲ್ಲ. ಅವನಿಗೆ ಬೇಕಿರುವುದು ಯಾರಾದರೂ ತನ್ನವರು ಅನ್ನುವವರು, ಅಷ್ಟೇ. ಅದನ್ನು ಮೊದಲು ಗುರುತಿಸುವವನು ಅವನ ಅಪ್ಪನ ಅಪ್ಪ, ರಾಜ ಶ್ರೂಡ್. ಸಾಕದೆ ಬಿಟ್ಟರೆ ಈ ಹುಡುಗ ನಾಳೆ ವೈರಿಗಳ ಕೈಗೆ ಆಯುಧ ಆಗುತ್ತಾನೆ, ಸಾಕಿದರೆ ನಮ್ಮ ಆಯುಧ ಆಗುತ್ತಾನೆ ಅನ್ನುವುದು ಅವನ ಲೆಕ್ಕ. ಊಟ, ಬಟ್ಟೆ, ಪಾಠ, ಜೊತೆಗೆ ಒಂದು ಸಣ್ಣ ಬೆಳ್ಳಿ ಪಿನ್ನು. ಬದಲಿಗೆ ಹುಡುಗನ ನಿಷ್ಠೆ ಪೂರ್ತಿ ರಾಜನದ್ದು. ಅಂಥ ಒಪ್ಪಂದಕ್ಕೆ ಒಂದು ಮಗು ಹೂಂ ಅನ್ನುತ್ತದೆ, ಯಾಕೆಂದರೆ ಅದರ ಜೊತೆ ಒಬ್ಬ ದೊಡ್ಡವರು ಕೂತು ಮಾತಾಡಿದ್ದೇ ಅಪರೂಪ. ಆಮೇಲೆ ಒಂದು ರಾತ್ರಿ ಗುಪ್ತ ಮೆಟ್ಟಿಲಿನ ದಾರಿಯಲ್ಲಿ ಚೇಡ್ ಅನ್ನುವ ಮುದುಕ ಬಂದು ಕರೆಯುತ್ತಾನೆ. ವಿಷ ಹಾಕುವುದು, ಕದ್ದು ಕೇಳುವುದು, ಗದ್ದಲವಿಲ್ಲದೆ ಕೊಲ್ಲುವುದು, ಎಲ್ಲದರ ಪಾಠ ಶುರುವಾಗುತ್ತದೆ. ಹುಡುಗನಿಗೆ ಆ ಪಾಠ ಇಷ್ಟ ಆಗುತ್ತದೆ! ಅದೇ ಭಯಂಕರ.

ಮೊದಲ ಸಲ ಓದುವಾಗ ನನಗೆ ಎಲ್ಲ ಸಿಟ್ಟೂ ಬರಿಚ್ ಮೇಲೆ. ಹುಡುಗನಿಗೆ ಪ್ರಾಣಿಗಳ ಮನಸ್ಸಿನ ಜೊತೆ ಬೆರೆಯುವ ವಿಟ್ ಅನ್ನುವ ಶಕ್ತಿ ಇದೆ. ಆ ನಾಡಿನಲ್ಲಿ ಅದು ಹೇಸಿಗೆಯ ವಿದ್ಯೆ, ಸಿಕ್ಕಿಬಿದ್ದವರನ್ನು ಕೊಂದು ಸುಡುತ್ತಾರೆ. ಅದು ಗೊತ್ತಾದ ದಿನ ಬರಿಚ್ ಹುಡುಗನ ನಾಯಿಮರಿಯನ್ನು ಅವನಿಂದ ಕಿತ್ತುಕೊಂಡು ಹೋಗುತ್ತಾನೆ. ಪುಸ್ತಕ ಮಡಚಿ ಇಟ್ಟು ಆ ದಿನ ಮತ್ತೆ ತೆಗೆಯಲಿಲ್ಲ ನಾನು. ವರ್ಷಗಳ ನಂತರ ಮತ್ತೆ ಓದಿದಾಗ ಅದೇ ಪುಟದಲ್ಲಿ ಕಣ್ಣು ಬರಿಚ್ ಕಡೆಗೇ ಹೋಯಿತು. ಇವನಿಗೂ ಹೆಚ್ಚು ವಯಸ್ಸಾಗಿಲ್ಲ. ನಂಬಿದ ಒಡೆಯ ಬಿಟ್ಟುಹೋದ, ಕಾಲು ಊನ ಆಗಿದೆ, ಮೇಲೆ ಯಾರದೋ ಮಗುವಿನ ಭಾರ. ಆ ಮಗುವಿನ ಜೀವಕ್ಕೇ ಅಪಾಯ ತರುವ ವಿಷಯ ಒಂದು ಸಂಜೆ ಇದ್ದಕ್ಕಿದ್ದಂತೆ ಗೊತ್ತಾದರೆ ಅವನು ಏನು ಮಾಡಬೇಕು? ಅವನು ಮಾಡಿದ್ದು ಸರಿ ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ ಅವನ ಭಯ ನನಗೆ ಅರ್ಥವಾಯಿತು. ಹಾಬ್ ಆ ಭಯವನ್ನು ಮೊದಲೇ ಅಲ್ಲಿ ಇಟ್ಟಿದ್ದರು. ಕಥೆ ಹೇಳುತ್ತಿರುವವನು ಮಗುವಾದ್ದರಿಂದ ಅದು ನಮಗೂ ಕಾಣುವುದಿಲ್ಲ.

ಇಲ್ಲಿ ಮ್ಯಾಜಿಕ್ ಅಂದರೆ ಏನು

ಈ ಸರಣಿಯಲ್ಲಿ ಮಂತ್ರದಂಡ, ಬೆಂಕಿ ಉಂಡೆ ಹುಡುಕಬೇಡಿ. ವಿಟ್ ಒಂದು, ರಾಜವಂಶದವರ ಸ್ಕಿಲ್ ಇನ್ನೊಂದು. ದೂರದಲ್ಲಿರುವವರ ಮನಸ್ಸನ್ನು ಮುಟ್ಟುವ, ತಿರುಚುವ ವಿದ್ಯೆ ಅದು, ಮತ್ತು ಕುಡಿತದ ಹಾಗೆ ಹಿಡಿದುಕೊಳ್ಳುತ್ತದೆ. ರಾಜಕುಮಾರ ವೆರಿಟಿ ಗೋಪುರದ ಕಿಟಕಿಯಲ್ಲಿ ಕೂತು ಸಮುದ್ರದ ಮೇಲಿನ ಶತ್ರು ಹಡಗುಗಳ ನಾವಿಕರಿಗೆ ದಾರಿ ತಪ್ಪಿಸುತ್ತಿರುತ್ತಾನೆ. ದಿನದಿನಕ್ಕೂ ಸೊರಗುತ್ತಾನೆ. ತಟ್ಟೆಯಲ್ಲಿ ಇಟ್ಟ ಊಟ ಹಾಗೇ ಇರುತ್ತದೆ. ಅವನು ಯುದ್ಧ ಮಾಡುತ್ತಿದ್ದಾನೆ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ, ಸುಮ್ನೆ ಸಮುದ್ರ ನೋಡುತ್ತಾ ಕೂತ ಸೋಮಾರಿ ಅಂದುಕೊಳ್ಳುತ್ತಾರೆ.

ಆದರೆ ನನ್ನನ್ನು ನಿಜಕ್ಕೂ ಹೆದರಿಸಿದ್ದು ಶತ್ರುಗಳ ಕೆಲಸ. ಕೆಂಪು ಹಡಗುಗಳ ದರೋಡೆಕೋರರು ಫೋರ್ಜ್ ಅನ್ನುವ ಊರಿನ ಜನರನ್ನು ಹಿಡಿದುಕೊಂಡು ಹೋಗಿ ಹೇಳಿಕಳಿಸುತ್ತಾರೆ: ಚಿನ್ನ ಕೊಡಿ, ಇಲ್ಲದಿದ್ದರೆ ಇವರನ್ನು ವಾಪಸ್ ಕಳಿಸುತ್ತೇವೆ. ಇದೆಂಥ ಬೆದರಿಕೆ, ವಾಪಸ್ ಬಂದರೆ ಒಳ್ಳೆಯದೇ ಅಲ್ವಾ ಅಂತ ಎಲ್ಲರಿಗೂ ಗೊಂದಲ. ಚಿನ್ನ ಹೋಗುವುದಿಲ್ಲ, ಜನ ವಾಪಸ್ ಬರುತ್ತಾರೆ. ಅದೇ ಮುಖ, ಅದೇ ಹೆಸರು, ನೆನಪೂ ಇದೆ. ಅಕ್ಕರೆ ಮಾತ್ರ ಪೂರ್ತಿ ಹೋಗಿದೆ. ಹಸಿವಾದರೆ ಪಕ್ಕದವರ ಕೈಯಲ್ಲಿರುವುದನ್ನು ಕಿತ್ತುಕೊಳ್ಳುತ್ತಾರೆ, ಅದು ತಮ್ಮದೇ ಮಗುವಿನ ಕೈಯಾದರೂ ಸರಿ. ಫಿಟ್ಸ್‌ಗೆ ವಿಟ್‌ನಿಂದ ಸುತ್ತಲಿನ ಪ್ರತಿ ಜೀವವೂ ತಿಳಿಯುತ್ತದೆ, ಇವರು ಮಾತ್ರ ತಿಳಿಯುವುದಿಲ್ಲ. ಎದುರಿಗೆ ನಿಂತಿದ್ದರೂ ಅಲ್ಲಿ ಯಾರೂ ಇಲ್ಲದ ಹಾಗೆ. ಯುದ್ಧದಲ್ಲಿ ಸತ್ತವರಿಗೆ ಅಳಬಹುದು, ಇವರಿಗೆ ಏನು ಮಾಡುವುದು? ಮನೆಯವರು ಕಾಯಬೇಕೋ, ಕೊಲ್ಲಬೇಕೋ? ಆ ಕೊಲ್ಲುವ ಕೆಲಸ ಕೊನೆಗೆ ಯಾರ ತಲೆಗೆ ಬರುತ್ತದೆ ಅಂತ ನಿಮಗೆ ಗೊತ್ತಾಗಿರಬಹುದು.

"ಇವನಿಗೆ ಯಾವಾಗ ಒಳ್ಳೇದಾಗುತ್ತೆ?"

ಒಬ್ಬ ಗೆಳತಿಗೆ ಮೊದಲ ಮೂರು ಪುಸ್ತಕ ಕೊಟ್ಟಿದ್ದೆ. ಮೊದಲನೆಯದನ್ನು ನಿದ್ದೆಗೆಟ್ಟು ಮುಗಿಸಿದಳು. ಎರಡನೆಯದು ಅರ್ಧ ಆಗಿರುವಾಗ ಫೋನ್ ಮಾಡಿ ಹಲೋ ಕೂಡ ಅನ್ನದೆ ಕೇಳಿದಳು, "ನಿಜ ಹೇಳು, ಇವನಿಗೆ ಯಾವಾಗ ಒಳ್ಳೇದಾಗುತ್ತೆ?" ನಾನು ತಡವರಿಸಿದೆ. "ಅಂದ್ರೆ... ಒಳ್ಳೇದು ಅಂದ್ರೆ ಏನು ಅನ್ನೋದರ ಮೇಲೆ ಹೋಗುತ್ತೆ ಕಣೆ" ಅಂದೆ. "ಹಾಗಾದ್ರೆ ಆಗಲ್ಲ ಅಂತ" ಅಂತ ಫೋನ್ ಇಟ್ಟಳು. ಮೂರನೆಯದನ್ನೂ ಮುಗಿಸಿದಳು ಅನ್ನುವುದು ಬೇರೆ ವಿಷಯ. ಬೈದುಕೊಂಡೇ ಮುಗಿಸಿದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಸರಣಿಯ ಬಗ್ಗೆ ಜಾಸ್ತಿ ಬರುವ ದೂರು ಇದೇ: ಫಿಟ್ಸ್ ಪೆದ್ದು, ಮಾತಾಡಬೇಕಾದಲ್ಲಿ ಮಾತಾಡುವುದಿಲ್ಲ, ಪೆಟ್ಟು ತಿಂದು ತಿಂದು ತನ್ನನ್ನೇ ಬೈದುಕೊಳ್ಳುತ್ತಾನೆ. ನಿಜ. ಎಷ್ಟೋ ಕಡೆ ಅವನನ್ನು ಹಿಡಿದು ಅಲ್ಲಾಡಿಸೋಣ ಅನ್ನಿಸುತ್ತದೆ. ಆದರೆ ಹದಿನಾರು ಹದಿನೇಳರ ಹುಡುಗ, ಗುಟ್ಟು ಮುಚ್ಚಿಡುವುದನ್ನೇ ಪಾಠವಾಗಿ ಕಲಿತವನು, ಇನ್ನು ಹೇಗಿರುತ್ತಾನೆ? ಅವನ ಪೆದ್ದುತನ ಕಥೆ ಎಳೆಯುವುದಕ್ಕೆ ಹಾಕಿದ್ದಲ್ಲ, ಬೆಳೆಸಿದವರು ಕೊಟ್ಟದ್ದು. ಮೂವತ್ತೈದರ ಫಿಟ್ಸ್‌ನಲ್ಲೂ ಅದರ ಕಲೆ ಇದೆ, ಐವತ್ತರಲ್ಲೂ ಇದೆ. ಹಾಗಂತ ಎಲ್ಲವನ್ನೂ ಸಮರ್ಥಿಸುವುದಿಲ್ಲ ನಾನು. ಮೂರನೆಯ ಪುಸ್ತಕ 'ಅಸ್ಯಾಸಿನ್ಸ್ ಕ್ವೆಸ್ಟ್' ಬಹಳ ಎಳೆಯುತ್ತದೆ, ನಡೆದಿದ್ದೇ ನಡೆದಿದ್ದು. ಖಳ ರೀಗಲ್‌ಗೆ ತೂಕ ಸಾಲದು, ಅವನು ಕೆಟ್ಟವನಾಗಿರುವುದೇ ಅವನ ಕೆಲಸ. ಫಿಟ್ಸ್ ಪ್ರೀತಿಸುವ ಮೋಲಿ ಮೊದಲ ಮೂರು ಪುಸ್ತಕದಲ್ಲಿ ಅವನ ಕಣ್ಣಿನಲ್ಲಿ ಮಾತ್ರ ಬದುಕುತ್ತಾಳೆ, ಅವಳದೇ ಬದುಕು ನಮಗೆ ಸಾಕಷ್ಟು ಸಿಗುವುದಿಲ್ಲ.

ಇವೆಲ್ಲದರ ನಡುವೆ ಇಬ್ಬರಿದ್ದಾರೆ. ನೈಟ್‌ಐಸ್ ಅನ್ನುವ ತೋಳ ಒಂದು. ಫಿಟ್ಸ್ ನಾಳೆಯ ಚಿಂತೆಯಲ್ಲಿ ಮುಳುಗಿರುವಾಗ ಅದು ಬೇಟೆ, ನಿದ್ದೆ, ಬಿಸಿಲು ಅಂತ ಇವತ್ತಿಗೆ ಎಳೆದು ತರುತ್ತದೆ, ಜೊತೆಗೆ ಒಳ್ಳೆ ತಮಾಷೆ ಮಾಡುತ್ತದೆ. ಇನ್ನೊಬ್ಬ ಆಸ್ಥಾನದ ವಿದೂಷಕ, ಅವನನ್ನು ಎಲ್ಲರೂ ಫೂಲ್ ಅಂತಲೇ ಕರೆಯುತ್ತಾರೆ. ಅವನ ಬಗ್ಗೆ ಇಲ್ಲಿ ಒಂದು ಸಾಲು ಜಾಸ್ತಿ ಬರೆದರೂ ಯಾವುದಾದರೂ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ. ಫ್ಯಾಂಟಸಿಯಲ್ಲಿ ಸ್ನೇಹದ ಬಗ್ಗೆ ಯಾರಾದರೂ ಕೇಳಿದರೆ ನಾನು ತೋರಿಸುವುದು ಇವರಿಬ್ಬರನ್ನೇ, ಅಷ್ಟು ಸಾಕು.

ಹಡಗುಗಳನ್ನು ಹಾರಿಸಬೇಡಿ

ಈಗ ಜಗಳದ ವಿಷಯ. ಮೊದಲ ಮೂರು ಮುಗಿಸಿದವರು ನಾಲ್ಕನೆಯದು ತೆಗೆದರೆ ಫಿಟ್ಸ್ ಇಲ್ಲ. 1998ರಿಂದ 2000ದವರೆಗೆ ಬಂದ 'ಲೈವ್‌ಶಿಪ್ ಟ್ರೇಡರ್ಸ್' ಮೂರು ಪುಸ್ತಕ ಬೇರೆ ಊರು, ಬೇರೆ ಜನ. ಕಥೆ ಹೇಳುವ ರೀತಿಯೂ ಬೇರೆ, ಒಬ್ಬನ ಬಾಯಿಂದ ಅಲ್ಲ, ಹತ್ತಾರು ಜನರ ಕಣ್ಣಿಂದ. ಹಾಗಾಗಿ ಬಹಳ ಜನ ಇದನ್ನು ಹಾರಿಸಿ ನೇರ 'ಟಾನಿ ಮ್ಯಾನ್' ತ್ರಿವಳಿಗೆ, ಅಂದರೆ ಫಿಟ್ಸ್ ಹತ್ತಿರಕ್ಕೆ ಓಡುತ್ತಾರೆ. ಬೇಡ. ದಯವಿಟ್ಟು ಬೇಡ.

ಕಥೆಯ ಹಿಂದುಮುಂದು ಗೊತ್ತಾಗುವುದಿಲ್ಲ ಅನ್ನುವುದು ಒಂದು ಕಾರಣ. ಮುಂದಿನ ಪುಸ್ತಕಗಳು ಇಲ್ಲಿಯ ಸಂಗತಿಗಳನ್ನು ಗೊತ್ತಿದೆ ಅಂದುಕೊಂಡೇ ಮಾತಾಡುತ್ತವೆ. ಅದಕ್ಕಿಂತ ದೊಡ್ಡ ಕಾರಣ, ಈ ಮೂರು ಬಹುಶಃ ಹಾಬ್ ಬರೆದದ್ದರಲ್ಲೇ ಅತ್ಯಂತ ಗಟ್ಟಿ ಪುಸ್ತಕಗಳು. ಇಲ್ಲಿ ಹಡಗುಗಳಿಗೆ ಜೀವ ಬರುತ್ತದೆ. ಒಂದೇ ಮನೆತನದ ಮೂರು ತಲೆಮಾರಿನವರು ಹಡಗಿನ ಮೇಲೆಯೇ ಸಾಯಬೇಕು, ಆಗ ಮುಂಭಾಗದ ಮರದ ಗೊಂಬೆ ಕಣ್ಣು ಬಿಟ್ಟು ಮಾತಾಡುತ್ತದೆ. ಆಲ್ಥಿಯಾ ಚಿಕ್ಕಂದಿನಿಂದ ಅಪ್ಪನ ಜೊತೆ ಹಡಗಿನಲ್ಲೇ ಬೆಳೆದವಳು, ಮುಂದೆ ಅದು ತನ್ನದೇ ಅಂತ ನಂಬಿದವಳು. ಅಪ್ಪ ಸಾಯುವ ಹೊತ್ತಿಗೆ ಅದು ಅಕ್ಕನ ಗಂಡ ಕೈಲ್‌ನ ಕೈಗೆ ಹೋಗುತ್ತದೆ. ಅವನಿಗೆ ಸಾಲ ತೀರಿಸಬೇಕು, ಅದಕ್ಕೆ ಗುಲಾಮರನ್ನು ಸಾಗಿಸುವ ವ್ಯಾಪಾರ ಶುರು ಮಾಡುತ್ತಾನೆ. ಈಗಷ್ಟೇ ಜೀವ ಬಂದ, ಎಲ್ಲರ ನೋವೂ ಮುಟ್ಟುವ ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿದ ಜನ. ಹಡಗಿಗೆ ಹುಚ್ಚು ಹಿಡಿಯದೆ ಇನ್ನೇನಾಗುತ್ತದೆ? ಹುಚ್ಚು ಹಿಡಿದ ಹಡಗು ಇನ್ನೊಂದಿದೆ ಕೂಡ, ಪ್ಯಾರಗನ್, ಕುರುಡ, ದಡಕ್ಕೆ ಎಳೆದು ಬಿಟ್ಟಿದ್ದಾರೆ, ತನ್ನ ಮೇಲೆ ಹತ್ತಿದವರನ್ನೆಲ್ಲ ಕೊಂದವನು ಅಂತ ಹೆಸರು. ಮಾಲ್ಟಾ ಅನ್ನುವ ಹುಡುಗಿಯಂತೂ ಮೊದಲ ಪುಸ್ತಕದಲ್ಲಿ ಎಷ್ಟು ಕಿರಿಕಿರಿ ಅಂದರೆ ಅವಳ ಪುಟ ಬಂದರೆ ನಿಟ್ಟುಸಿರು ಬರುತ್ತದೆ. ಮೂರನೆಯದರ ಹೊತ್ತಿಗೆ ಅವಳ ಪುಟ ಯಾವಾಗ ಬರುತ್ತದೆ ಅಂತ ಕಾಯುತ್ತೀರಿ. ಈ ತಿರುವು ಎಲ್ಲಿ ಆಯಿತು ಅಂತ ಹುಡುಕಿದರೆ ಒಂದು ಜಾಗ ಸಿಗುವುದಿಲ್ಲ. ಅದಕ್ಕೂ ಪುಟಗಳು ಬೇಕಿದ್ದವು.

'ಟಾನಿ ಮ್ಯಾನ್' ಆದಮೇಲೆ ಬರುವ 'ರೇನ್ ವೈಲ್ಡ್ಸ್' ನಾಲ್ಕು ಪುಸ್ತಕ ಸ್ವಲ್ಪ ಸಪ್ಪೆ. ಅಂಗವಿಕಲ ಡ್ರ್ಯಾಗನ್‌ಗಳನ್ನು ನದಿಯ ದಾರಿಯಲ್ಲಿ ಕರೆದುಕೊಂಡು ಹೋಗುವ ಕಥೆ, ಎರಡರಲ್ಲಿ ಮುಗಿಸಬಹುದಿತ್ತು. ಅಧ್ಯಾಯಗಳ ನಡುವೆ ಅಂಚೆ ಪಾರಿವಾಳ ಸಾಕುವವರು ಒಬ್ಬರಿಗೊಬ್ಬರು ಬರೆಯುವ ಚೀಟಿಗಳಿವೆ, ನನಗೆ ಮುಖ್ಯ ಕಥೆಗಿಂತ ಅವೇ ಇಷ್ಟ. ಎಲ್ಲಾದರೂ ಹಾರಿಸಲೇಬೇಕು ಅಂತಿದ್ದರೆ ಇಲ್ಲಿ ಬೇಗ ಬೇಗ ಓದಿ, ಆದರೆ ಏನಾಯಿತು ಅನ್ನುವುದು ಗೊತ್ತಿರಲಿ, ಕೊನೆಯ ಮೂರಕ್ಕೆ ಬೇಕಾಗುತ್ತದೆ.

ಯಾರಿಗೆ ಬೇಡ

ಪ್ರತಿ ಅಧ್ಯಾಯಕ್ಕೂ ಒಂದು ಯುದ್ಧ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. 'ಟಾನಿ ಮ್ಯಾನ್'ನ ಮೊದಲ ಭಾಗ 'ಫೂಲ್ಸ್ ಎರಂಡ್' ಶುರುವಿನಲ್ಲಿ ಏನೂ ಆಗುವುದೇ ಇಲ್ಲ. ಗುಡಿಸಲಿಗೆ ಹಳಬರು ಬರುತ್ತಾರೆ, ಕೂತು ಮಾತಾಡುತ್ತಾರೆ, ಹೋಗುತ್ತಾರೆ. ನನಗೆ ಇಡೀ ಸರಣಿಯಲ್ಲಿ ಆ ಭಾಗವೇ ಹೆಚ್ಚು ಪ್ರಿಯ, ಕೆಲವರಿಗೆ ಅದೇ ನಿದ್ದೆ ಮಾತ್ರೆ. ಸಾಕಿದ ಪ್ರಾಣಿಯನ್ನು ಈಚೆಗೆ ಕಳೆದುಕೊಂಡವರು ಸ್ವಲ್ಪ ಕಾಲ ಬಿಟ್ಟು ಓದಿ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಮನಸ್ಸು ಹಗುರ ಮಾಡಿಕೊಳ್ಳಲು ಏನಾದರೂ ಬೇಕು ಅನ್ನುವವರಿಗಂತೂ ಖಂಡಿತ ಇದಲ್ಲ, ಬೇರೆ ಹೆಸರು ಹೇಳುತ್ತೇನೆ.

ಉಳಿದವರು 'ಅಸ್ಯಾಸಿನ್ಸ್ ಅಪ್ರೆಂಟಿಸ್' ಒಂದನ್ನೇ ತಗೊಳ್ಳಿ, 16 ಅನ್ನುವುದನ್ನು ಸದ್ಯಕ್ಕೆ ಮರೆತುಬಿಡಿ. ಪ್ರಕಟವಾದ ಕ್ರಮದಲ್ಲೇ ಓದಿ. ಪುಸ್ತಕದ ಹೆಸರು ಹಾಕಿ ಗೂಗಲ್ ಮಾಡಬೇಡಿ, ಪಾತ್ರಗಳ ಹೆಸರಂತೂ ಬೇಡವೇ ಬೇಡ, ಹುಡುಕುವ ಡಬ್ಬಿಯೇ ಯಾರು ಸತ್ತರು ಅಂತ ಹೇಳಿಬಿಡುತ್ತದೆ. ಮೊದಲನೆಯದು ಮುಗಿದ ಮೇಲೆ ಎರಡನೆಯದು ಕೈಗೆ ಬರದಿದ್ದರೆ ಅಲ್ಲಿಗೇ ಬಿಡಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದುವರಿದು ಹಡಗುಗಳವರೆಗೆ ಬಂದರೆ ಮಾತ್ರ ನನಗೆ ಒಂದು ವಿಷಯ ಹೇಳಲೇಬೇಕು: ಈ ಲೋಕದಲ್ಲಿ ನಿಮಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಯಾರ ಮೇಲೆ? ಎಲ್ಲರೂ ರೀಗಲ್ ಅಂತಾರೆ. ನನ್ನ ಓಟು ಕೈಲ್‌ಗೆ. ರೀಗಲ್ ಕಥೆಯಲ್ಲಿ ಮಾತ್ರ ಸಿಗುತ್ತಾನೆ. ಕೈಲ್ ಹಾಗಲ್ಲ, ತಾನು ಮಾಡುತ್ತಿರುವುದೆಲ್ಲ ಮನೆಯವರ ಒಳ್ಳೆಯದಕ್ಕೇ ಅಂತ ಮನಸಾರೆ ನಂಬಿರುವ ಮನುಷ್ಯ ಅವನು.